ಮೇಷ್ಟ್ರು, ಮಕ್ಕಳು, ನಡುವಣ ನಂಟು

ನಿಮ್ಹಾನ್ಸ್‌ನ ಶ್ರೀಕಲಾ ಭರತ್ ಮತ್ತು ಕೆ.ವಿ. ಕಿಶೋರ್ ಕುಮಾರ್ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ನಮ್ಮ ಶಿಕ್ಷಣ ವಲಯ ಇನ್ನೂ ಪೂರ್ತಿಯಾಗಿ ಓದಿಕೊಂಡಿಲ್ಲ ಎಂದು ನನಗನ್ನಿಸುತ್ತದೆ. ಶಾಲೆಯ ಶಿಕ್ಷಕರಿಂದಲೇ ಮಕ್ಕಳಿಗೆ ಜೀವನ ಕೌಶಲಗಳ ಪಾಠ ಮಾಡಿಸಿದರು. ವರ್ಷ ಕಳೆದ ಮೇಲೆ ಆ ಪಾಠ ಪಡೆದ 605 ಹದಿಹರೆಯದವರನ್ನು, ಅದು ಸಿಗದ ಆಸುಪಾಸಿನ ಶಾಲೆಗಳ 423 ಮಕ್ಕಳೊಂದಿಗೆ ಹೋಲಿಸಿದರು. ಪಾಠ ಪಡೆದವರಲ್ಲಿ ಆತ್ಮಗೌರವ ಹೆಚ್ಚಿತ್ತು, ಕಷ್ಟ ಬಂದರೆ ನಿಭಾಯಿಸಬಲ್ಲೆ ಎಂಬ ಧೈರ್ಯವಿತ್ತು, ಶಿಕ್ಷಕರೊಂದಿಗೆ ಹೊಂದಾಣಿಕೆ ಚೆನ್ನಾಗಿತ್ತು. ಆದರೆ ಓರಗೆಯವರೊಂದಿಗಿನ ಹೊಂದಾಣಿಕೆಯಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಮನೆಯಲ್ಲೂ ಇಲ್ಲ. ಎಂದರೆ, ಮೇಷ್ಟ್ರಿಗೂ ಮಕ್ಕಳಿಗೂ ನಡುವೆ ಏನೋ ಬದಲಾಯಿತು. ಒಂದೇ ಬೆಂಚಿನಲ್ಲಿ ಕೂತವರ ನಡುವೆ ಬದಲಾಗಲಿಲ್ಲ. ಕಲಿಕೆಯಲ್ಲಿ ಸಂಬಂಧಗಳ ಪಾತ್ರ ಕುರಿತ ಸಂಶೋಧನೆ ಎಷ್ಟು ದೂರ ಬಂದಿದೆ, ಎಲ್ಲಿ ನಿಂತಿದೆ ಎಂಬುದು ಈ ಒಂದು ಫಲಿತಾಂಶದಲ್ಲೇ ಕಾಣುತ್ತದೆ.

ನಮ್ಮಲ್ಲಿ ಈ ಕಥೆ ಹಳೆಯ ಕಾಲದ ಹಳ್ಳಿಶಾಲೆಯಾದ ಕೂಲಿಮಠದಿಂದ ಶುರುವಾಗಬೇಕು. ಕಲಿಸುವ ಐಗಳು ಒಬ್ಬರೇ, ಮಕ್ಕಳು ನಾನಾ ವಯಸ್ಸಿನವರು. ಮರಳಿನ ಮೇಲೆ ಅಕ್ಷರ ತಿದ್ದುವ ಚಿಕ್ಕವರಿಗೆ ದೊಡ್ಡ ಹುಡುಗರೇ ಕೈ ಹಿಡಿದು ಹೇಳಿಕೊಡುತ್ತಿದ್ದರು. ಅದೇ ಮಠದಲ್ಲಿ ತಪ್ಪು ಮಾಡಿದವನನ್ನು ಹಗ್ಗಕ್ಕೆ ನೇತುಹಾಕುವ ಕೋದಂಡವೂ ಇತ್ತು. ಆಸರೆ, ಭಯ ಎರಡೂ ಒಂದೇ ಸೂರಿನಡಿ. 18ನೇ ಶತಮಾನದ ಕೊನೆಗೆ ಮದ್ರಾಸಿನ ಅನಾಥಾಲಯದ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್, ಇಂಥ ನಾಡಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು ಅದನ್ನು ತನ್ನ ಶಾಲೆಗೆ ತಂದ. ಮಕ್ಕಳಿಂದಲೇ ಮಕ್ಕಳಿಗೆ ಕಲಿಸುವ ಕ್ರಮವನ್ನು ಅಲ್ಲೇ ರೂಪಿಸಿ 1797ರಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದ. ಮದ್ರಾಸ್ ಪದ್ಧತಿ ಎಂಬ ಹೆಸರಿನಲ್ಲಿ ಅದು ಇಂಗ್ಲೆಂಡಿನಲ್ಲೆಲ್ಲ ಹರಡಿತು. ಹರಡುವಾಗ ಅದರ ಒಳಗಿನ ಸ್ನೇಹ ಸೋರಿಹೋಗಿ ಮೇಲ್ವಿಚಾರಣೆಯಷ್ಟೇ ಉಳಿಯಿತೇನೋ. ಇವತ್ತೂ ಬಸವೇಶ್ವರನಗರದ ಯಾವುದೇ ಶಾಲೆಯ ಬಿಡುವಿನ ಪೀರಿಯಡ್ಡಿನಲ್ಲಿ ಕ್ಲಾಸ್ ಲೀಡರ್ ಸೀಮೆಸುಣ್ಣ ಹಿಡಿದು ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುತ್ತಾನೆ. ಮತ್ತೆ ಮಾತಾಡಿದರೆ ಹೆಸರಿನ ಮುಂದೆ ಒಂದು ಗೀಟು. ಯಾರ ಹೆಸರು ಅಳಿಸಿತು, ಯಾರದು ಉಳಿಯಿತು ಎಂಬುದರಲ್ಲೇ ಆ ತರಗತಿಯ ಗೆಳೆತನಗಳ ಲೆಕ್ಕ ಇರುತ್ತದೆ. ಮಕ್ಕಳಿಗೆ ಅದು ಗೊತ್ತು. ಮೇಷ್ಟ್ರಿಗೆ ಗೊತ್ತಿರುವುದು ಅಪರೂಪ.

ಈ ಗೊತ್ತಿಲ್ಲದ ಲೋಕವನ್ನು ಅಳೆಯಲು ಹೊರಟವನು ಜೇಕಬ್ ಮೊರೆನೊ. ಯಾರ ಪಕ್ಕ ಕೂರಲು ಇಷ್ಟ ಎಂದು ಮಕ್ಕಳನ್ನೇ ಕೇಳಿ, ಉತ್ತರಗಳನ್ನು ಗೆರೆಗಳಿಂದ ಜೋಡಿಸಿ, 1934ರ ತನ್ನ ಪುಸ್ತಕದಲ್ಲಿ ತರಗತಿಗಳ ಸಂಬಂಧಗಳ ನಕ್ಷೆ ಬಿಡಿಸಿದ. ಎಲ್ಲರೂ ಆರಿಸುವ ಒಬ್ಬರಿಬ್ಬರು, ಯಾರೂ ಆರಿಸದ ಒಬ್ಬ, ಪರಸ್ಪರರನ್ನು ಮಾತ್ರ ಆರಿಸಿಕೊಂಡ ಜೋಡಿ. ಹೆಬ್ಬೆರಳು ಮುಂದೆ ಮಾಡಿ ಠೂ ಬಿಟ್ಟ ಮಗು ಒಂದು ವಾರ ಯಾಕೆ ಓದಿನಲ್ಲಿ ಹಿಂದೆ ಬೀಳುತ್ತದೆ ಎಂದು ಕೇಳಲು ಆಗ ಸಂಶೋಧಕರಿಗೆ ಒಂದು ಸಾಧನ ಸಿಕ್ಕಿತು. 1939ರಲ್ಲಿ ಕರ್ಟ್ ಲೆವಿನ್, ಲಿಪಿಟ್ ಮತ್ತು ವೈಟ್ ಹುಡುಗರ ಕ್ಲಬ್ಬುಗಳಲ್ಲಿ ಮೂರು ಬಗೆಯ ನಾಯಕತ್ವವನ್ನು ಹೋಲಿಸಿ, ದೊಡ್ಡವರ ನಡೆ ಬದಲಾದರೆ ಮಕ್ಕಳು ಒಬ್ಬರೊಡನೊಬ್ಬರು ನಡೆದುಕೊಳ್ಳುವ ರೀತಿಯೂ ಬದಲಾಗುತ್ತದೆಂದು ತೋರಿಸಿದರು. ಆಮೇಲೆ ಶಿಕ್ಷಕರ ನಿರೀಕ್ಷೆಯ ಬಗ್ಗೆ 1968ರಲ್ಲಿ ರೋಸೆಂತಾಲ್ ಮತ್ತು ಜೇಕಬ್‌ಸನ್ ಬರೆದದ್ದು ಬಂತು. ಅದರ ಮೇಲಿನ ವಾದ ಇಂದಿಗೂ ಮುಗಿದಿಲ್ಲ. 1971ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ, ಕರಿಯ–ಬಿಳಿಯ ಮಕ್ಕಳು ಮೊದಲ ಬಾರಿ ಒಟ್ಟಿಗೆ ಕೂತು ಜಗಳವೆದ್ದಾಗ, ಎಲಿಯಟ್ ಆರನ್‌ಸನ್ ಪಾಠವನ್ನು ತುಂಡು ಮಾಡಿ ಒಂದೊಂದು ಮಗುವಿಗೆ ಒಂದೊಂದು ತುಂಡು ಕೊಟ್ಟ. ಪೂರ್ತಿ ಪಾಠ ಬೇಕಾದರೆ ಉಳಿದವರ ಮಾತು ಕೇಳಲೇಬೇಕು.

ಶಿಕ್ಷಕ–ಮಗುವಿನ ನಂಟಿಗೆ ಗಟ್ಟಿ ಸಾಕ್ಷ್ಯ ಸಿಕ್ಕಿದ್ದು ಇನ್ನೂ ತಡವಾಗಿ. ತಾಯಿ–ಮಗುವಿನ ಬಾಂಧವ್ಯದ ಬಗ್ಗೆ ಜಾನ್ ಬೌಲ್ಬಿ ಹೇಳಿದ್ದನ್ನು ರಾಬರ್ಟ್ ಪಿಯಾಂಟ ಶಾಲೆಗೆ ತಂದರು. ಬ್ರಿಜೆಟ್ ಹಾಮ್ರೆ ಜೊತೆಗೂಡಿ 179 ಮಕ್ಕಳನ್ನು ಶಿಶುವಿಹಾರದಿಂದ ಎಂಟನೇ ತರಗತಿಯವರೆಗೆ ಹಿಂಬಾಲಿಸಿ, 2001ರಲ್ಲಿ ಫಲಿತಾಂಶ ಪ್ರಕಟಿಸಿದರು: ಮೊದಲ ಮಿಸ್ ಜೊತೆ ಜಗಳದ ಸಂಬಂಧವಿದ್ದ ಮಕ್ಕಳ ಅಂಕ ಮತ್ತು ನಡವಳಿಕೆಯ ಮೇಲೆ ಅದರ ಗುರುತು ವರ್ಷಗಟ್ಟಲೆ ಉಳಿದಿತ್ತು. 2011ರಲ್ಲಿ ಡೆಬೊರಾ ರೂರ್ಡಾ ಮತ್ತು ಸಂಗಡಿಗರು 99 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ನಂಟಿನ ಪ್ರಭಾವ ಅಂಕಗಳಿಗಿಂತ ಹೆಚ್ಚಾಗಿ ಮಗು ಪಾಠದಲ್ಲಿ ತೊಡಗುವುದರ ಮೇಲೆ ಕಂಡಿತು. ಇದು ಸಹಜ. ಮಗು ಮೊದಲು ಕೈ ಎತ್ತುತ್ತದೆ, ತಪ್ಪು ಉತ್ತರ ಹೇಳಲು ಹೆದರುವುದನ್ನು ಬಿಡುತ್ತದೆ. ಅಂಕ ಅದರ ಹಿಂದೆ ನಿಧಾನವಾಗಿ ಬರುತ್ತದೆ.

ಬೆಂಗಳೂರಿಗೆ ಬರೋಣ. ಮಗುವಿನ ಮನಸ್ಸಿನ ಕೆಲಸವನ್ನು ಆಸ್ಪತ್ರೆಯ ಗೋಡೆಯಾಚೆ, ಶಾಲೆಗೆ ತೆಗೆದುಕೊಂಡು ಹೋಗಬೇಕೆಂದು ಪಟ್ಟು ಹಿಡಿದವರಲ್ಲಿ ನಿಮ್ಹಾನ್ಸ್‌ನ ಮಾಳವಿಕಾ ಕಪೂರ್ ಪ್ರಮುಖರು. ಭಾರತದ ಶಾಲೆಗಳ ಮಾನಸಿಕ ಆರೋಗ್ಯದ ಬಗ್ಗೆ ಅವರ ಪುಸ್ತಕ 1997ರಲ್ಲಿ ಬಂತು. ಮಗುವಿನ ಸಂಕಟವನ್ನು ಮೊದಲು ಗುರುತಿಸಬಲ್ಲವರು ಶಿಕ್ಷಕರೇ ಎಂಬುದು ಅವರ ನಿಲುವಿನ ತಿರುಳು. 2005ರಲ್ಲಿ ಶೋಭಾ ಶ್ರೀನಾಥ್ ಮತ್ತು ಸಹೋದ್ಯೋಗಿಗಳು ಬೆಂಗಳೂರಿನ ನಗರ, ಗ್ರಾಮಾಂತರ ಭಾಗಗಳ 2,064 ಮಕ್ಕಳ ಸಮೀಕ್ಷೆ ಪ್ರಕಟಿಸಿದರು. ಶೇ 12.5ರಷ್ಟು ಮಕ್ಕಳಲ್ಲಿ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಕೊಳೆಗೇರಿ, ಮಧ್ಯಮವರ್ಗದ ಬಡಾವಣೆ, ಹಳ್ಳಿ ಎಂಬ ಭೇದದಿಂದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಹೊಡೆತ ತಿನ್ನುವುದಕ್ಕೂ ತೊಂದರೆಗೂ ನಂಟು ಕಂಡಿತು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿ 2010ರಿಂದ ಜಾರಿಯಲ್ಲಿದೆ. ಬೆತ್ತ ಕಡಿಮೆಯಾಗಿದೆ. ಎಲ್ಲರೆದುರು ಅಂಕ ಓದಿ ಹೇಳಿ ತಲೆ ತಗ್ಗಿಸುವಂತೆ ಮಾಡುವುದು ಅಷ್ಟು ಕಡಿಮೆಯಾಗಿದೆ ಎಂದು ನಾನು ನಂಬಲಾರೆ.

ಪಶ್ಚಿಮ ಬೆಂಗಳೂರು ಈ ವಿಷಯವನ್ನು ನೋಡಲು ಒಳ್ಳೆಯ ಜಾಗ. ಕೈಗಾರಿಕಾ ಬಡಾವಣೆಯಾಗಿ ಬೆಳೆದ ರಾಜಾಜಿನಗರ, ಅಂಗಡಿ–ಮುಂಗಟ್ಟುಗಳ ವಿಜಯನಗರ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಬೆಳಿಗ್ಗೆಯೇ ಹೊರಡುವ ತಾಯಂದಿರು, ಕೆಂಗೇರಿಯಾಚೆ ಇನ್ನೂ ಹಳ್ಳಿಯಂತಿರುವ ಊರುಗಳು. 1972ರಲ್ಲಿ ಶುರುವಾದ, ಸಮಾಜವನ್ನು ಅಧ್ಯಯನ ಮಾಡುವ ಸಂಸ್ಥೆಯೂ ಇಲ್ಲೇ, ನಾಗರಭಾವಿಯಲ್ಲಿದೆ. 2000ದಲ್ಲಿ ಅಕ್ಷಯ ಪಾತ್ರ ರಾಜಾಜಿನಗರದ ಇಸ್ಕಾನ್ ಗುಡ್ಡದಿಂದ ಐದು ಸರ್ಕಾರಿ ಶಾಲೆಗಳ 1,500 ಮಕ್ಕಳಿಗೆ ಊಟ ಕಳಿಸತೊಡಗಿತು. ಬಿಸಿಯೂಟದ ಚರ್ಚೆಯಲ್ಲಿ ಕ್ಯಾಲೊರಿ, ಹಾಜರಾತಿ, ಮೊಟ್ಟೆ ಎಲ್ಲ ಬರುತ್ತವೆ. ಯಾರು ಯಾರ ಪಕ್ಕ ತಟ್ಟೆ ಹಿಡಿದು ಕೂರುತ್ತಾರೆ ಎಂಬುದು ಬರುವುದೇ ಇಲ್ಲ. ಅದನ್ನು ಗಮನಿಸುವ ಮಿಸ್‌ಗಳು ಮಾತ್ರ ಇದ್ದಾರೆ: ಒಬ್ಬಂಟಿಯಾಗಿ ಉಣ್ಣುವ ಮಗುವಿನ ಪಕ್ಕ ತಾವೇ ಹೋಗಿ ಕೂರುವವರು.

ನಲಿ–ಕಲಿಯ ಬಗ್ಗೆ ಹೆಚ್ಚು ಹೇಳಬೇಕು. ರಿಷಿವ್ಯಾಲಿಯ ಪ್ರಯೋಗ ನೋಡಿ ಬಂದ ಶಿಕ್ಷಕರು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುಮಾಡಿದ ಈ ಕ್ರಮ 2009ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ನೆಲದ ಮೇಲೆ ಕೂರುತ್ತಾರೆ. ಗುಂಪಿಗೆ ಇಲ್ಲಿ ತಟ್ಟೆ ಎನ್ನುತ್ತಾರೆ. ಶಿಕ್ಷಕರ ಸಹಾಯ ಬೇಕಾದವರದು ಒಂದು ತಟ್ಟೆ, ಗೆಳೆಯರ ಸಹಾಯದಿಂದ ಕಲಿಯುವವರದು ಇನ್ನೊಂದು, ತಾನೇ ಕಲಿಯುವವರದು ಮತ್ತೊಂದು. ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ನೋಡಿಕೊಂಡು, ಕಾರ್ಡು ಎತ್ತಿಕೊಂಡು ಮಗು ತಾನೇ ತಟ್ಟೆ ಬದಲಿಸುತ್ತದೆ. ಗೆಳೆತನವನ್ನು ಕಲಿಕೆಯ ವ್ಯವಸ್ಥೆಯೊಳಗೇ ಇಟ್ಟ ಯೋಜನೆ ಇದು, ಅದೂ ನಮ್ಮ ಶಿಕ್ಷಕರೇ ಕಟ್ಟಿದ್ದು. ನಾಲ್ಕನೇ ತರಗತಿಗೆ ಬಂದೊಡನೆ ಆ ಮಕ್ಕಳು ಸಾಲಾಗಿ ಬೋರ್ಡಿನ ಕಡೆ ಮುಖ ಮಾಡಿ ಕೂರುತ್ತಾರೆ. ಮೂರು ವರ್ಷ ಪರಸ್ಪರ ಕೇಳಿ ಕಲಿತವರಿಗೆ ಪಕ್ಕದವರನ್ನು ಕೇಳುವುದೇ ತಪ್ಪಾಗುತ್ತದೆ.

ಓರಗೆಯವರ ನಂಟು ನಮ್ಮಲ್ಲಿ ಜಾತಿ, ವರ್ಗಗಳನ್ನು ಹಾದೇ ಬರಬೇಕು. ಉತ್ತರ ಪ್ರದೇಶದ ಹಳ್ಳಿ ಹುಡುಗರಿಗೆ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ದಾರಿ ಹುಡುಕುವ ಒಗಟುಗಳನ್ನು ಕೊಟ್ಟರು. ಜಾತಿ ಹೇಳದಿದ್ದಾಗ ಎಲ್ಲರೂ ಸರಿಸಮ. ಎಲ್ಲರೆದುರು ಜಾತಿ ಹೆಸರಿಸಿದೊಡನೆ ಕೆಳಜಾತಿಯ ಹುಡುಗರ ಸಾಧನೆ ಕುಸಿಯಿತು. 2006ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಪ್ರತಿ ಶಿಕ್ಷಕ ತರಬೇತಿಯಲ್ಲೂ ಹೇಳಬೇಕು. ದೆಹಲಿಯ ಸಿರಿವಂತ ಶಾಲೆಗಳಿಗೆ ಬಡ ಮಕ್ಕಳು ಬಂದ ಮೇಲೆ ಸಿರಿವಂತ ಮಕ್ಕಳಲ್ಲಿ ಉದಾರತೆ ಹೆಚ್ಚಿ ಭೇದಭಾವ ತಗ್ಗಿದ್ದನ್ನು ಗೌತಮ್ ರಾವ್ 2019ರಲ್ಲಿ ತೋರಿಸಿದರು. ಅದೇ ವರ್ಷ ಕರ್ನಾಟಕ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಗಳು ಶಿಕ್ಷಣ ಹಕ್ಕು ಕಾಯ್ದೆಯಡಿ ಬಡ ಮಕ್ಕಳಿಗೆ ಶೇ 25ರ ಸೀಟು ಕೊಡಬೇಕಿಲ್ಲ ಎಂಬ ತಿದ್ದುಪಡಿಯನ್ನು ಜಾರಿಗೆ ತಂದಿತು. ಸರ್ಕಾರಿ ಶಾಲೆ ಉಳಿಸುವ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೂ ವಿಜಯನಗರದಂಥ ಕಡೆ ಆಟೊ ಚಾಲಕರ ಮಗಳೂ ವೈದ್ಯರ ಮಗನೂ ಒಂದೇ ಬೆಂಚಿನಲ್ಲಿ ಕೂರುವ ಅವಕಾಶ ಬಹುಪಾಲು ಹೋಯಿತು. ಆ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ.

ಶಿಕ್ಷಕರೇ ಎಲ್ಲವನ್ನೂ ಮಾಡಬೇಕೆಂಬ ನಂಬಿಕೆಗೆ ಪೆಟ್ಟು ಕೊಟ್ಟದ್ದು ಬಿಹಾರದ ನಳಂದ ಜಿಲ್ಲೆಯ 74 ಶಾಲೆಗಳಲ್ಲಿ ನಡೆದ, ಸೆಹರ್ ಎಂಬ ಶಾಲಾ ಆರೋಗ್ಯ ಕಾರ್ಯಕ್ರಮದ ಪ್ರಯೋಗ. 2018ರಲ್ಲಿ ಲ್ಯಾನ್ಸೆಟ್ ಪ್ರಕಟಿಸಿದ ಫಲಿತಾಂಶದಂತೆ, ಇದಕ್ಕೆಂದೇ ನೇಮಿಸಿದ ಆಪ್ತಸಲಹೆಗಾರರು ಇದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತು, ಖಿನ್ನತೆಯೂ ಪರಸ್ಪರ ಪೀಡಿಸುವುದೂ ಇಳಿಯಿತು. ಅದೇ ಕಾರ್ಯಕ್ರಮವನ್ನು ಶಿಕ್ಷಕರ ಕೈಗೆ ಕೊಟ್ಟ ಶಾಲೆಗಳಲ್ಲಿ ಫಲ ಕಾಣಲಿಲ್ಲ. ನಿಮ್ಹಾನ್ಸ್‌ನ ಫಲಿತಾಂಶಕ್ಕೂ ಇದಕ್ಕೂ ಇರುವ ಅಂತರವನ್ನು ಶಿಕ್ಷಕರ ಸ್ವಭಾವದಿಂದ ವಿವರಿಸಲಾಗದು. ನನ್ನ ಮಟ್ಟಿಗೆ ಉತ್ತರ ಸಮಯದಲ್ಲಿದೆ. ಗಣತಿ, ಮತಪಟ್ಟಿ, ಬಿಸಿಯೂಟದ ಲೆಕ್ಕ, ತಂತ್ರಾಂಶಕ್ಕೆ ಮಾಹಿತಿ ತುಂಬುವುದು ಎಲ್ಲ ಅವರ ಮೇಲಿವೆ. 2025ರಲ್ಲಿ ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರೇ ಮನೆ ಮನೆ ತಿರುಗಬೇಕಾಗಿ, ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು.

ನಂಟು ಕಡಿದಾಗ ಏನಾಗುತ್ತದೆಂದು ಕೋವಿಡ್ ತೋರಿಸಿತು. ಶಾಲೆ ಮುಚ್ಚಿದ್ದಾಗ ಸರ್ಕಾರದ ವಿದ್ಯಾಗಮ ಕಾರ್ಯಕ್ರಮದಲ್ಲಿ ಶಿಕ್ಷಕರು ಮಕ್ಕಳಿದ್ದಲ್ಲಿಗೇ, ಮರದಡಿಗೆ, ಗುಡಿಯ ಜಗಲಿಗೆ ಹೋದರು. 2020ರ ಅಕ್ಟೋಬರಿನಲ್ಲಿ ಅದೂ ನಿಂತಿತು. ಒಂದರಿಂದ ಐದನೇ ತರಗತಿಗಳು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ನಡೆಸಿದ ಅಧ್ಯಯನದಲ್ಲಿ ಶೇ 92ರಷ್ಟು ಮಕ್ಕಳು ಭಾಷೆಯ ಒಂದಾದರೂ ಸಾಮರ್ಥ್ಯವನ್ನು ಮರೆತಿದ್ದರು. ಮರೆತ ಅಕ್ಷರಗಳಿಗೆ ಕಲಿಕಾ ಚೇತರಿಕೆ ಕಾರ್ಯಕ್ರಮ ಬಂತು. ಕಡಿದ ನಂಟಿಗೆ?

ಕೋವಿಡ್ ಇಲ್ಲದೆಯೂ ನಂಟು ಕಡಿಯುವ ಇನ್ನೊಂದು ಕಡೆಯಿದೆ: ಅತಿಥಿ ಶಿಕ್ಷಕರ ಪ್ರಶ್ನೆ. ಅವರ ನೇಮಕ ಒಂದು ಶೈಕ್ಷಣಿಕ ವರ್ಷಕ್ಕೆ ಮಾತ್ರ. ಮಗುವಿನ ಮನೆಯ ಕಷ್ಟ ತಿಳಿಯುವ ಹೊತ್ತಿಗೆ ಅವಧಿ ಮುಗಿದಿರುತ್ತದೆ. ಸಣ್ಣ ಖಾಸಗಿ ಶಾಲೆಗಳಲ್ಲೂ ಸಂಬಳ ಸಾಲದೆ ವರ್ಷ ವರ್ಷವೂ ಮಿಸ್‌ಗಳು ಬದಲಾಗುತ್ತಾರೆ. ಅದೇ ಶಿಕ್ಷಕರು ಎರಡನೇ ವರ್ಷವೂ ಸಿಕ್ಕ ಮಕ್ಕಳ ಅಂಕ ಸ್ವಲ್ಪವಾದರೂ ಏರುತ್ತದೆಂದು ಉತ್ತರ ಕೆರೊಲಿನಾದ ದಾಖಲೆಗಳಿಂದ ಹಿಲ್ ಮತ್ತು ಜೋನ್ಸ್ 2018ರಲ್ಲಿ ತೋರಿಸಿದರು. ಇಂಥ ಅಧ್ಯಯನಕ್ಕೆ ನಮಗೆ ಹೊಸ ವ್ಯವಸ್ಥೆ ಬೇಕಿಲ್ಲ. ರಾಜ್ಯದಲ್ಲಿ ಶಾಲೆಗೆ ಸೇರಿದ ಮಕ್ಕಳಿಗೆ ಸ್ಯಾಟ್ಸ್ ಎಂಬ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯ ಸಂಖ್ಯೆಯಿದೆ. ಕೆಂಗೇರಿಯಿಂದ ರಾಜಾಜಿನಗರಕ್ಕೆ ಶಾಲೆ ಬದಲಿಸಿದರೂ ಅದು ಜೊತೆಗೇ ಹೋಗುತ್ತದೆ. ಒಂದನೇ ತರಗತಿಗೆ ಸೇರುವ ಮಕ್ಕಳನ್ನು ಈ ಭಾಗದ ಕೆಲವು ಶಾಲೆಗಳಲ್ಲಿ ಎಂಟನೆಯವರೆಗೆ ಹಿಂಬಾಲಿಸಿ, ಯಾರ ಮೇಷ್ಟ್ರು ಎಷ್ಟು ಸಲ ಬದಲಾದರು, ಯಾರ ಪಕ್ಕ ಯಾರೂ ಕೂರಲಿಲ್ಲ ಎಂದು ಬರೆದಿಡುವ ಕೆಲಸವನ್ನು ನಾಗರಭಾವಿಯ ಸಂಸ್ಥೆಯಾಗಲಿ, ಜ್ಞಾನಭಾರತಿಯ ವಿಶ್ವವಿದ್ಯಾಲಯವಾಗಲಿ ಈ ಜೂನ್‌ನಲ್ಲೇ ಕೈಗೆತ್ತಿಕೊಳ್ಳಬಹುದು.