ಗಾಡಿ ನಿಲ್ಲುವ ಜಾಗಕ್ಕೆ ಹಾಕಿದ ದುಡ್ಡಿನ ಕಥೆ

ನಮ್ಮ ಅಕ್ಕಲಕೋಟದಲ್ಲಿ ಗುರುವಾರ ಬಂತೆಂದರೆ ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಗಾಡಿಗಳಿಗೆ ನಿಲ್ಲಲು ಜಾಗವಿರುವುದಿಲ್ಲ. ಸಂತೆಗೆ ಬಂದ ಚಕ್ಕಡಿಯನ್ನು ಬೇವಿನ ಗಿಡದ ಕೆಳಗೆ ಬಿಟ್ಟು ಹೋಗುತ್ತಿದ್ದ ಕಾಲದಲ್ಲಿ ನಿಲ್ಲುವ ಜಾಗಕ್ಕೂ ಬೆಲೆ ಬಂದೀತೆಂದು ನಾವು ಎಣಿಸಿರಲಿಲ್ಲ. ಆದರೆ ಆ ಬೆಲೆ ನಾವು ಹುಟ್ಟುವ ಮೊದಲೇ ಕಟ್ಟಲಾಗಿತ್ತು. 1935ರ ಜುಲೈನಲ್ಲಿ ಅಮೆರಿಕದ ಓಕ್ಲಹೋಮಾ ನಗರದಲ್ಲಿ ಜಗತ್ತಿನ ಮೊದಲ ಪಾರ್ಕಿಂಗ್ ಮೀಟರ್ ನಿಂತಿತು.

ಈ ಇತಿಹಾಸಕ್ಕೆ ನಾವು ಕೈ ಹಾಕಲು ಒಂದು ಕಾರಣವಿದೆ. ನಮ್ಮ ಶಾಲೆಯಲ್ಲಿ ಕಲಿತು ಪುಣೆಯಲ್ಲಿ ಕೆಲಸಕ್ಕಿರುವ ಹುಡುಗನೊಬ್ಬ ದೀಪಾವಳಿಗೆ ಊರಿಗೆ ಬಂದಿದ್ದ. "ಸರ್, ನಮ್ಮ ಬಿಲ್ಡಿಂಗಿನ್ಯಾಗ ಇನ್ನೊಂದು ಪಾರ್ಕಿಂಗ್ ಜಾಗಾ ಕೊಡ್ತಾರಂತ್ರಿ, ನಾಲ್ಕು ಲಕ್ಷ. ನೀವೂ ಅರ್ಧ ಹಾಕ್ರಿ, ತಿಂಗಳಾ ಬಾಡಿಗಿ ಬರ್ತದ" ಅಂದ. ಮಗಳ ಮದುವೆಗೆಂದು ಕೂಡಿಟ್ಟ ಪಿ.ಎಫ್. ಹಣ ನಮ್ಮಲ್ಲಿತ್ತು. ಅರ್ಜಿಯನ್ನೂ ಬರೆದೆವು. ಕೊಡುವ ಮೊದಲು ಸ್ವಲ್ಪ ಓದೋಣವೆಂದು ಕೂತೆವು.

ಲಾಭದ ಕಥೆಗಳು ಮೊದಲು ಕಣ್ಣಿಗೆ ಬಿದ್ದವು. 2019ರಲ್ಲಿ ಹಾಂಗ್‌ಕಾಂಗ್‌ನ 'ದಿ ಸೆಂಟರ್' ಎಂಬ ಗಗನಚುಂಬಿ ಕಟ್ಟಡದಲ್ಲಿ ಒಂದೇ ಒಂದು ಕಾರು ನಿಲ್ಲುವ ಜಾಗ 76 ಲಕ್ಷ ಹಾಂಗ್‌ಕಾಂಗ್ ಡಾಲರಿಗೆ ಮಾರಾಟವಾಯಿತು. 2021ರಲ್ಲಿ ಹಾಂಗ್‌ಕಾಂಗ್‌ನದೇ ಇನ್ನೊಂದು ಜಾಗ ಒಂದು ಕೋಟಿ ದಾಟಿತು. ಅದಾದ ಮೇಲೆ ಆ ಊರಿನ ಆಸ್ತಿ ಬೆಲೆಗಳು ಇಳಿದವೆಂಬುದನ್ನು ಯಾರೂ ಅಷ್ಟು ಜೋರಾಗಿ ಹೇಳುವುದಿಲ್ಲ. ಅಮೆರಿಕದ ಶಿಕಾಗೋ ನಗರವು 2008ರಲ್ಲಿ ತನ್ನ ಸುಮಾರು 36,000 ಪಾರ್ಕಿಂಗ್ ಮೀಟರುಗಳ ಆದಾಯವನ್ನು 115 ಕೋಟಿ ಡಾಲರಿಗೆ 75 ವರ್ಷದ ಮಟ್ಟಿಗೆ ಬರೆದುಕೊಟ್ಟಿತು. ಹಣ ಹಾಕಿದವರಿಗೆ ಅಸಲು ಆಗಲೇ ಮರಳಿದೆ, ಅವಧಿ ಇನ್ನೂ ಐವತ್ತು ವರ್ಷಕ್ಕೂ ಮೇಲೆ ಉಳಿದಿದೆ. ಅವರ ಲಾಭವೆಲ್ಲ ಊರಿನ ಜನರ ಜೇಬಿನದು. ನಗರವು ಸುಮಾರು 97 ಕೋಟಿ ಡಾಲರ್ ಕಡಿಮೆಗೆ ಕೊಟ್ಟಿತೆಂದು ಅಲ್ಲಿನ ಇನ್‌ಸ್ಪೆಕ್ಟರ್ ಜನರಲ್ 2009ರಲ್ಲೇ ವರದಿ ಬರೆದಿದ್ದರು.

ಇವು ದೊಡ್ಡವರ ವ್ಯವಹಾರ. ನಮ್ಮಂಥವರ ಕಥೆ ಬ್ರಿಟನ್ನಿನಲ್ಲಿ ಸಿಕ್ಕಿತು. ಪಾರ್ಕ್ ಫಸ್ಟ್ ಎಂಬ ಕಂಪನಿ ಗ್ಯಾಟ್ವಿಕ್ ಮತ್ತು ಗ್ಲಾಸ್ಗೋ ವಿಮಾನ ನಿಲ್ದಾಣಗಳ ಹತ್ತಿರದ ಕಾರು ಜಾಗಗಳನ್ನು ಬಿಡಿಬಿಡಿಯಾಗಿ, 20,000ದಿಂದ 25,000 ಪೌಂಡಿಗೊಂದರಂತೆ ಮಾರಿತು. ಮೊದಲ ಎರಡು ವರ್ಷ ಶೇಕಡಾ 8 ಖಾತ್ರಿ ಆದಾಯ, ಆಮೇಲೆ ಇನ್ನೂ ಹೆಚ್ಚೆಂದು ಆಸೆ ತೋರಿಸಿತು. ಸಾವಿರಾರು ಜನ ದುಡ್ಡು ಹಾಕಿದರು. ಇದು ಅನುಮತಿಯಿಲ್ಲದ ಸಾಮೂಹಿಕ ಹೂಡಿಕೆ ಯೋಜನೆ ಎಂದು ಅಲ್ಲಿನ ಹಣಕಾಸು ನಿಯಂತ್ರಣ ಸಂಸ್ಥೆ ಅಡ್ಡ ಬಂತು. 2019ರಲ್ಲಿ ಕಂಪನಿ ಆಡಳಿತಗಾರರ ಕೈಗೆ ಹೋಯಿತು. ಜಾಗ ಅಲ್ಲೇ ಇತ್ತು, ಕಾರುಗಳೂ ಬರುತ್ತಿದ್ದವು. ಹೇಳಿದಷ್ಟು ಆದಾಯ ಮಾತ್ರ ಹುಟ್ಟಲಿಲ್ಲ.

ನಮ್ಮ ರಾಜ್ಯದ ಕಥೆ ಇದಕ್ಕಿಂತ ಹತ್ತಿರದ್ದು. ಮುಂಬಯಿಯ ದಹಿಸರದಲ್ಲಿ ಪಂಚಾಲಿ ಸಹಕಾರಿ ಗೃಹನಿರ್ಮಾಣ ಸೊಸೈಟಿ ಇದೆ. ಏಳು ವಿಂಗ್, 56 ಫ್ಲಾಟು. ಕಂಬಗಳ ಮೇಲೆ ನಿಂತ ಆ ಕಟ್ಟಡದ ಕೆಳಗೆ 25 ಕಾರು ಜಾಗ. ಜನ ಇದನ್ನು ಸ್ಟಿಲ್ಟ್ ಪಾರ್ಕಿಂಗ್ ಅನ್ನುತ್ತಾರೆ. ಈ 25 ಜಾಗ ನನ್ನವು, ಸೊಸೈಟಿ ಮುಟ್ಟಬಾರದು ಎಂದು ಬಿಲ್ಡರ್ ಕೋರ್ಟಿಗೆ ಹೋದ. ಅವನ ಕೈಯಲ್ಲಿ ಬಲವಾದ ಕಾಗದವೇ ಇತ್ತು: ಈ ಜಾಗಗಳು ಬಿಲ್ಡರನವು, ಮಾರಿದರೆ ನಮ್ಮ ತಕರಾರಿಲ್ಲ ಎಂದು ಫ್ಲಾಟು ಕೊಂಡವರು ಬರೆದುಕೊಟ್ಟ ಮುಚ್ಚಳಿಕೆ. ಸಿಟಿ ಸಿವಿಲ್ ಕೋರ್ಟಿನಲ್ಲಿ ಸೋತ, ಹೈಕೋರ್ಟಿನಲ್ಲೂ ಸೋತ. 2010ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಆರ್. ಎಂ. ಲೋಧಾ ಮತ್ತು ನ್ಯಾಯಮೂರ್ತಿ ಎ. ಕೆ. ಪಟ್ನಾಯಕ್ ಅವರ ಪೀಠದೆದುರು ಕೊನೆಯ ಸಲ ಸೋತ.

ವಾದವೆಲ್ಲ ನಿಂತದ್ದು ಮಹಾರಾಷ್ಟ್ರದ 1963ರ ಫ್ಲಾಟು ಕಾಯ್ದೆಯ 'ಗ್ಯಾರೇಜು' ಎಂಬ ಒಂದು ಶಬ್ದದ ಮೇಲೆ. (ವ್ಯಾಕರಣ ಏಕೆ ಕಲಿಯಬೇಕು ಎನ್ನುವ ಮಕ್ಕಳಿಗೆ ಇನ್ನು ಮೇಲೆ ಈ ಉದಾಹರಣೆ ಕೊಡುವುದೆಂದುಕೊಂಡಿದ್ದೇವೆ.) ಸ್ಟಿಲ್ಟ್ ಜಾಗ ಗ್ಯಾರೇಜು, ಗ್ಯಾರೇಜು ಫ್ಲಾಟಿನ ಲೆಕ್ಕ, ಆದ್ದರಿಂದ ಮಾರಬಹುದು ಎಂದು ಬಿಲ್ಡರ್ ವಾದಿಸಿದ. ನ್ಯಾಯಾಲಯ ಒಪ್ಪಲಿಲ್ಲ. ಅದು ಎಲ್ಲರಿಗೂ ಸೇರಿದ ಜಾಗ, ಬಿಡಿಯಾಗಿ ಮಾರುವ ಹಕ್ಕು ಬಿಲ್ಡರಿಗಿಲ್ಲ, ಮುಚ್ಚಳಿಕೆಗೂ ಕಿಮ್ಮತ್ತಿಲ್ಲ ಎಂದಿತು.

ಇಷ್ಟಕ್ಕೆ ಮುಗಿಯಲಿಲ್ಲ. 2016ರ ರೇರಾ ಕಾಯ್ದೆ ಗ್ಯಾರೇಜಿಗೆ ಹೊಸ ಅರ್ಥ ಬರೆಯಿತು: ಮೇಲೆ ಚಾವಣಿ, ಮೂರು ಕಡೆ ಗೋಡೆ. ಬಯಲು ಪಾರ್ಕಿಂಗ್ ಸಾಮಾನ್ಯ ಜಾಗವಾಗಿಯೇ ಉಳಿಯಿತು. 2024ರಲ್ಲಿ ಮಹಾರೇರಾ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮುಚ್ಚಿದ ಪಾರ್ಕಿಂಗಿನ ನಂಬರು, ಉದ್ದ, ಅಗಲ, ಎತ್ತರ ಎಲ್ಲವನ್ನೂ ಕರಾರಿನ ಜೊತೆ ಲಗತ್ತಿಸಬೇಕೆಂದಿತು. ಕಂಬದ ನಡುವೆ ಕಾರು ಹೊಗುವುದೇ ಇಲ್ಲವೆಂಬ ದೂರುಗಳು ಅಷ್ಟು ಬಂದಿದ್ದವು! ಇನ್ನು ಸೊಸೈಟಿ ತನಗೆ ಹಂಚಿದ ಜಾಗವನ್ನು ಸದಸ್ಯ ತಾನಾಗಿ ಬೇರೆಯವರಿಗೆ ವರ್ಗಾಯಿಸಲು ಮಾದರಿ ಉಪನಿಯಮಗಳು ಬಿಡುವುದಿಲ್ಲ. ಹಾಗಾದರೆ ಬಾಡಿಗೆ ಎಲ್ಲಿಂದ ಬಂದೀತು?

ಹುಡುಗನಿಗೆ ಫೋನು ಮಾಡಿ ಎರಡೇ ಪ್ರಶ್ನೆ ಕೇಳಿದೆವು. ಮೂರು ಕಡೆ ಗೋಡೆ ಇದೆಯೇ? ನೋಂದಣಿಯಾದ ಕರಾರಿನಲ್ಲಿ ಜಾಗದ ನಂಬರು ಬರುತ್ತದೆಯೇ? ವಾರದ ನಂತರ ಉತ್ತರ ಬಂತು. "ಗೋಡಿ ಇಲ್ರಿ ಸರ್, ಬಿಳೀ ಪಟ್ಟಿ ಎಳದಾರ. ಕರಾರಿನ್ಯಾಗ ಬರೂದಿಲ್ಲಂತ, ಲೆಟರ್‌ಹೆಡ್ ಮ್ಯಾಲೆ ಬರಕೊಡ್ತಾರಂತ್ರಿ."

ಅವನು ಮುಂಗಡವೆಂದು ಆಗಲೇ ಐವತ್ತು ಸಾವಿರ ಕೊಟ್ಟಿದ್ದನಂತೆ. ನಮಗೆ ಹೇಳಿರಲಿಲ್ಲ. ಅದನ್ನು ವಾಪಸು ಕೇಳಿ ಅರ್ಜಿ ಬರೆದುಕೊಡಿರೆಂದು ಕೇಳಿದ್ದಾನೆ, ಮರಾಠಿಯಲ್ಲಿ ಬರೆದು ಕಳಿಸಿದ್ದೇವೆ. ನಮ್ಮ ಪಿ.ಎಫ್. ಅರ್ಜಿ ಸ್ಟಾಫ್ ರೂಮಿನ ಕಪಾಟಿನಲ್ಲೇ ಇದೆ.