ನಾಕ್ ಗಂಟೆ ತಟ್ಟೇಲಿ ಅನ್ನ ಯಾಕಿಲ್ಲ?

ಟೀ ಪಾರ್ಟಿ ಅನ್ನೋ ಹೆಸರು ಈಗಿಂದು. ನಮ್ ತುಮಕೂರು ಕಡೆ ಅಮ್ಮಂದಿರು "ನಾಕ್ ಗಂಟೆಗೆ ಕಾಫಿಗೆ ಬನ್ರೀ" ಅಂತಿದ್ರು, ಅಷ್ಟೇ. ತಟ್ಟೇಲಿ ಕೋಡ್ಬಳೆ, ನಿಪ್ಪಟ್ಟು, ಒಗ್ಗರಣೆ ಹಾಕಿದ ಕಡ್ಲೆಪುರಿ, ಒಂದು ಬಾಳೆಹಣ್ಣು. ಚಿತ್ರಾನ್ನ ಎಷ್ಟು ಚೆನ್ನಾಗಿ ಮಾಡೋರೂ ಆ ಹೊತ್ತಿಗೆ ಅದನ್ನ ಹೊರಗೆ ತರ್ತಿರಲಿಲ್ಲ. ಹೊಟ್ಟೆ ಭಾರ ಆಗುತ್ತೆ ಅನ್ನೋದು ಆಮೇಲೆ ಹುಟ್ಟಿದ ಕಾರಣ. ಮೊದಲಿನ ಕಾರಣ ಮುಸುರೆ.

ಬೇಯಿಸಿದ ಅನ್ನ ಮುಸುರೆ. ಅದನ್ನ ಯಾರು ಮುಟ್ಟಿದ್ರು, ಯಾರ ಮನೇಲಿ ಬೆಂದಿದ್ದು ಅಂತ ನೂರೆಂಟು ಲೆಕ್ಕ. ಹುರಿದಿದ್ದಕ್ಕೆ, ಎಣ್ಣೇಲಿ ಕರಿದಿದ್ದಕ್ಕೆ, ಹಣ್ಣಿಗೆ ಅಷ್ಟು ಕಟ್ಟುನಿಟ್ಟಿಲ್ಲ. ಹಿಟ್ಟನ್ನ ನೀರಿನ ಬದಲು ಹಾಲಲ್ಲಿ ಕಲೆಸಿದ್ರೆ ಇನ್ನೂ ವಾಸಿ ಅನ್ನೋರೂ ಇದ್ರು. ಕಾಫೀನ ಲೋಟ ಎತ್ತಿ, ತುಟಿಗೆ ತಾಗಿಸದೆ ಕುಡಿದ್ರೆ ಎಂಜಲಿನ ಮಾತೂ ಇಲ್ಲ. 1884ರಲ್ಲಿ ಬೆಂಗಳೂರಿಂದ ತುಮಕೂರಿಗೆ ರೈಲು ಬಂತು. ರೈಲ್ವೆ, ಕಚೇರಿ, ಸ್ಕೂಲು ಅಂತ ಕೆಲಸಕ್ಕೆ ಬಂದವರು ಜಾತಿ ಬೇರೆ ಬೇರೆ ಆದ್ರೂ ಒಂದೇ ಬೀದೀಲಿ ಬಾಡಿಗೆಗೆ ಇರೋ ಹಾಗಾಯ್ತು. ಪಕ್ಕದ್ ಮನೆ ಊಟ ಮಾಡದ ಹೆಂಗಸರೂ ಪಕ್ಕದ್ ಮನೆ ಕೋಡ್ಬಳೆ ಮುರ್ಕೊಂಡು ತಿಂದ್ರು.

ಆ ಕೋಡ್ಬಳೆ ಬಗ್ಗೆ ಒಂದ್ ಮಾತು. ಎರಡು ಲೋಟ ಅಕ್ಕಿಹಿಟ್ಟಿಗೆ ಅರ್ಧ ಲೋಟ ಚಿರೋಟಿ ರವೆ, ಅರ್ಧ ಲೋಟ ಹುರಿಗಡ್ಲೆ ಪುಡಿ. ಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ, ಇಂಗು ರುಬ್ಬಿ ಹಾಕಿ, ಮೇಲೆ ಕಾದ ಎಣ್ಣೆ. ಸಣ್ಣ ಉರೀಲಿ ಬೇಯ್ಬೇಕು, ಎಣ್ಣೆ ಸದ್ದು ಅಡಗಿದ ಮೇಲೇ ತೆಗೀಬೇಕು. ಗುಬ್ಬಿ, ತಿಪಟೂರು ತೋಟದ ಕೊಬ್ಬರಿ ನಮ್ದೇ, ಸರಿ. ಮೆಣಸಿನಕಾಯಿ ಮಾತ್ರ ಅಮೆರಿಕ ಖಂಡದ್ದು, ಪೋರ್ಚುಗೀಸರ ಹಡಗಲ್ಲಿ ಬಂತು. ನಿಪ್ಪಟ್ಟಿಗೆ ಹಾಕೋ ಕಡ್ಲೇಕಾಯಿನೂ ಅಲ್ಲಿಂದೇ. ಅದಕ್ಕೆ ಮೊದಲು ಖಾರ ಅಂದ್ರೆ ಕರಿಮೆಣಸು. 'ಮೆಣಸಿನ' ಕಾಯಿ ಅನ್ನೋ ಹೆಸರಲ್ಲೇ ಆ ಗುರುತು ಉಳ್ಕೊಂಡಿದೆ. ಮಡಿಯೋರು ಇದನ್ನೆಲ್ಲ ಯಾವಾಗ ಒಳಗೆ ಬಿಟ್ಕೊಂಡ್ರೋ, ಮನುಷ್ಯರಿಗಿಂತ ಬೇಗ ಬಿಟ್ಕೊಂಡ್ರು ಬಿಡಿ.

ನನಗೆ ಮುಖ್ಯ ಅನ್ಸೋದು ಬೇರೆ. ಹೆಂಗಸರು ಮಧ್ಯಾಹ್ನದ ಮೇಲೆ ಸೇರೋದು ಹೊಸದೇನಲ್ಲ. ಚೈತ್ರಗೌರಿಗೆ ಪಾನಕ, ಕೋಸಂಬರಿ. ನವರಾತ್ರಿ ಗೊಂಬೆಗೆ ದಿನಾ ಒಂದು ಉಸ್ಲಿ. ಆದ್ರೆ ಅದು ಅರಿಶಿನ ಕುಂಕುಮಕ್ಕೆ ಕರೆಯೋದು, ಮುತ್ತೈದೆಯರನ್ನ ಮಾತ್ರ. ಕುಣಿಗಲ್ಲಿನ ನಮ್ ದೊಡ್ಡಜ್ಜಿ ಇಪ್ಪತ್ತೆರಡಕ್ಕೇ ಗಂಡನ್ನ ಕಳ್ಕೊಂಡವರು. ಉಸ್ಲಿಗೆ ಕಾಳು ನೆನೆಹಾಕೋದು, ಕಾಯಿ ತುರಿಯೋದು, ಕೋಡ್ಬಳೆ ಹೊಸೆಯೋದು ಎಲ್ಲಾ ಅವರೇ. ಜನ ಬರೋ ಹೊತ್ತಿಗೆ ಹಿತ್ತಲಿಗೆ ಹೋಗಿ ಕೂತಿರೋರು. ಬರೀ ಕಾಫಿಗೆ ಅಂತ ಕರೆದಾಗ ಕುಂಕುಮದ ಬಟ್ಟಲು ಇರ್ತಿರಲಿಲ್ಲ ನೋಡಿ, ಹಾಗಾಗಿ ಎದ್ದು ಹೋಗಿ ಅಂತ ಹೇಳೋಕೆ ಯಾರಿಗೂ ನೆಪ ಸಿಗ್ತಿರಲಿಲ್ಲ. ನಡುಮನೇಲಿ ಚಾಪೆ ಮೇಲೆ ಎಲ್ಲರ ಜೊತೆ ಕೂತು ಲೋಟ ಹಿಡಿದಿದ್ದನ್ನ ನಾನೇ ಕಂಡಿದೀನಿ. ಅವರಿಗೆ ಡಿಕಾಕ್ಷನ್ ಗಟ್ಟಿಯಾಗಿರ್ಬೇಕಿತ್ತು.

ಅಂತ ಈ ತಟ್ಟೆ ಎಲ್ಲರನ್ನೂ ಕೂರಿಸ್ತು ಅಂದ್ರೆ ಸುಳ್ಳಾಗುತ್ತೆ. ಬಟ್ಟಲು ತೊಳೆಯೋಕೆ, ಕೊಟ್ಟಿಗೆ ಗುಡಿಸೋಕೆ ಬರೋ ಹೆಂಗಸಿಗೆ ಅದೇ ಕೋಡ್ಬಳೆ ಹಿತ್ತಲ ಬಾಗಿಲಲ್ಲಿ, ಕಾಫಿ ಬೇರೆ ಲೋಟದಲ್ಲಿ. 1950ರ ಸಂವಿಧಾನ ಹೋಟ್ಲಲ್ಲಿ ಜಾತಿ ನೋಡಿ ತಡೆಯೋ ಹಾಗಿಲ್ಲ ಅಂತು. ಮನೆ ನಡುಮನೆಗೆ ಕಾನೂನು ಬರಲ್ಲ. ಆ ಬೇರೆ ಲೋಟ ನಮ್ಮನೆ ಗೂಡಲ್ಲಿ ಎಷ್ಟೋ ವರ್ಷ ಇತ್ತು, ತಳದಲ್ಲಿ ಗುರುತಿಗೆ ಅಂತ ಗೀರು ಹಾಕಿದ್ದು. ಅಮ್ಮ ಒಂದಿನ ಪಾತ್ರೆಯವನಿಗೆ ಹಾಕಿ ಸ್ಪೂನು ತಗೊಂಡ್ರು.

ಹೋದ ತಿಂಗಳು ಗುಬ್ಬಿ ಚಿಕ್ಕಮ್ಮ ನಾಕ್ ಗಂಟೆಗೆ ಕರೆದು ಚಿತ್ರಾನ್ನಾನೇ ಬಡಿಸಿದ್ರು. ಆರು ಮನೆಯವರು, ಆರು ಜಾತಿಯವರು, ಎರಡನೇ ಸಲ ಹಾಕಿಸ್ಕೊಂಡು ತಿಂದ್ವಿ. ಕೋಡ್ಬಳೆ ಪಾಕೀಟಿಂದು, ಅದನ್ಯಾರೂ ಮುಟ್ಟಲಿಲ್ಲ.