ಕಳವಿನ ನಷ್ಟ ಯಾರ ತಲೆಗೆ?

ನಮ್ಮ ಮನೆಗೆ ಕಳ್ಳರು ನುಗ್ಗಿದಾಗ ನಾನು ಉರ್ದು ಶಾಲೆಯಲ್ಲಿ ಐದನೇ ತರಗತಿ ಓದುತ್ತಿದ್ದೆ. ಮನೆಮಂದಿಯೆಲ್ಲ ಬಂಧುಗಳ ಮದುವೆಗೆಂದು ಪರವೂರಿಗೆ ಹೋಗಿದ್ದೆವು. ಮೂರನೆಯ ದಿನ ಮರಳಿ ಬಂದು ನೋಡಿದರೆ, ಮುಂಬಾಗಿಲಿಗೆ ಅಬ್ಬಾ ಹಾಕಿದ್ದ ದಪ್ಪನೆಯ ಹಿತ್ತಾಳೆ ಬೀಗ ಹಾಕಿದಂತೆಯೇ ಇತ್ತು. ಹಿತ್ತಲ ಕಡೆಯ ಮಣ್ಣುಗೋಡೆಯಲ್ಲಿ ಒಬ್ಬ ಮನುಷ್ಯ ನುಸುಳುವಷ್ಟು ದೊಡ್ಡ ಕನ್ನವಿತ್ತು.

ನಮ್ಮ ಮನೆಯಲ್ಲಿ ಕದಿಯುವಂಥದ್ದು ಹೆಚ್ಚೇನೂ ಇರಲಿಲ್ಲ. ಆದರೆ ದಾದಿಮಾ ಅವರ ಟ್ರಂಕಿನಲ್ಲಿ ಪಕ್ಕದ ಮನೆಯ ಟೀಚರಮ್ಮನ ಎರಡೆಳೆ ಚಿನ್ನದ ಸರವಿತ್ತು. ತವರಿಗೆ ಹೋಗುವಾಗ ಬಸ್ಸಿನಲ್ಲಿ ಒಯ್ಯಲು ಹೆದರಿ ಅವರು ಅದನ್ನು ದಾದಿಮಾ ಕೈಗೆ ಕೊಟ್ಟು ಹೋಗಿದ್ದರು. ಅದು ಹೋಯಿತು. ಮದುವೆಗೆಂದು ದಾದಿಮಾ ಕೈಗೆ ಹಾಕಿಕೊಂಡಿದ್ದ ಎರಡು ಬಳೆಗಳು ಮಾತ್ರ ಉಳಿದವು. ಅವರು ಆ ಬಳೆಗಳನ್ನು ಮಾರಿ ಅದೇ ತೂಕದ ಸರ ಮಾಡಿಸಲು ಹೊರಟಾಗ ಅಬ್ಬಾ ತಡೆದರು. ಅಮಾನತ್ ಇಟ್ಟುಕೊಂಡವರ ತಪ್ಪಿಲ್ಲದೆ ವಸ್ತು ಕಳೆದುಹೋದರೆ ಅವರು ಹೊಣೆಯಲ್ಲ ಎಂಬ ಮಸ್‌ಅಲೆಯನ್ನು ನೆನಪಿಸಿದರು. ಅಬ್ಬಾ ಹೇಳಿದ್ದು ಸರಿಯೇ ಆಗಿತ್ತು. ದಾದಿಮಾ, "ಮಸ್‌ಅಲೆ ನಿನ್ನ ಹತ್ರ ಇರಲಿ ಬೇಟಾ. ಅವಳ ಸರ ನನ್ನ ಹತ್ರ ಇತ್ತು" ಎಂದು ಬುರ್ಖಾ ಹಾಕಿಕೊಂಡು ಅಕ್ಕಸಾಲಿಗರ ಅಂಗಡಿಗೆ ಹೋದರು.

ಪೊಲೀಸರು ಬಂದರು, ಪಂಚನಾಮೆ ಬರೆದುಕೊಂಡರು. ಹೋಗುವಾಗ ಊರ ಹೊರಗೆ ಈಚಲ ಬುಟ್ಟಿ ಹೆಣೆಯುವವರ ಗುಡಿಸಲುಗಳಿಂದ ಒಬ್ಬನನ್ನು ಕರೆದೊಯ್ದರು. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಮುಂದೆ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು ಶೂದ್ರಕನ 'ಮೃಚ್ಛಕಟಿಕ'ದ ಕಥೆ ಹೇಳಿದಾಗ ನನಗೆ ನಮ್ಮ ಮನೆಯ ಸಂಗತಿಯನ್ನೇ ಕೇಳಿದಂತಾಯಿತು. ಅದರಲ್ಲಿ ಶರ್ವಿಲಕನೆಂಬ ಕಳ್ಳ ಚಾರುದತ್ತನ ಮನೆಯ ಗೋಡೆಯ ಮುಂದೆ ನಿಂತು, ಕನ್ನವನ್ನು ಕಮಲದ ಆಕಾರದಲ್ಲಿ ಕೊರೆಯಲೋ ಸೂರ್ಯನ ಆಕಾರದಲ್ಲೋ ಎಂದು ಲೆಕ್ಕ ಹಾಕುತ್ತಾನೆ. ಅಳತೆಯ ದಾರ ಮರೆತು ಬಂದದ್ದಕ್ಕೆ ಜನಿವಾರದಿಂದಲೇ ಅಳೆಯುತ್ತಾನೆ. ಕ್ಲಾಸೆಲ್ಲ ನಕ್ಕಿತು. ನನ್ನ ಮನಸ್ಸು ಹಿಡಿದದ್ದು ಅದರ ಮುಂದಿನ ಭಾಗ. ಕಳುವಾದದ್ದು ಚಾರುದತ್ತನ ಒಡವೆಯಲ್ಲ. ವಸಂತಸೇನೆ ನಂಬಿ ಇಟ್ಟುಹೋದ ಒಡವೆ. ಬಡವನಾದ ತನ್ನ ಮೇಲೆಯೇ ಜನರ ಸಂಶಯ ಬೀಳುತ್ತದೆಂದು ಚಾರುದತ್ತ ತತ್ತರಿಸುತ್ತಾನೆ. ಆಗ ಅವನ ಹೆಂಡತಿ ಧೂತೆ ತನ್ನ ಹಾರವನ್ನು ಕೊಟ್ಟು ಕಳುಹಿಸುತ್ತಾಳೆ. ನಷ್ಟ ತುಂಬಿದ್ದು ಹೆಂಗಸೊಬ್ಬಳ ಕೊರಳಿನ ಒಡವೆ.

ಮನೆಗೆ ಕನ್ನ ಬಿದ್ದರೆ ಆ ನಷ್ಟ ಯಾರದು? ಇಂದು ನಮಗೆ ಇದೊಂದು ಪ್ರಶ್ನೆಯಾಗಿಯೇ ಕಾಣುವುದಿಲ್ಲ. ಕಳೆದುಕೊಂಡವನದೇ ನಷ್ಟ, ಇನ್ನಾರದು? ಪೊಲೀಸರು ಹುಡುಕುತ್ತಾರೆ, ಸಿಕ್ಕಿದರೆ ಅದೃಷ್ಟ. ಆದರೆ ನಮ್ಮ ಹಿರಿಯರು ಬಹುಕಾಲ ಹೀಗೆ ತಿಳಿದಿರಲಿಲ್ಲ. ಕಳುವಾದ ಸೊತ್ತನ್ನು ಹುಡುಕಿಕೊಡಲು ರಾಜನಿಗೆ ಆಗದಿದ್ದರೆ ತನ್ನ ಬೊಕ್ಕಸದಿಂದ ತುಂಬಿಕೊಡಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ಹೇಳುತ್ತದೆ. ತೆರಿಗೆ ಪಡೆಯುವವನು ರಕ್ಷಣೆಯ ಹೊಣೆ ಹೊತ್ತಿದ್ದಾನೆ; ರಕ್ಷಿಸಲಾಗದಿದ್ದರೆ ನಷ್ಟ ಅವನದು ಎಂಬುದು ಇದರ ಹಿಂದಿನ ನ್ಯಾಯ.

ಇದು ಗ್ರಂಥದ ಮಾತು, ನಡೆದದ್ದು ಬೇರೆ ಎನ್ನಬಹುದು. ನಡೆದದ್ದಕ್ಕೂ ಸಾಕ್ಷಿಯಿದೆ. ಪರ್ಷಿಯಾದ ದೊರೆ ಶಾರುಖನ ರಾಯಭಾರಿಯಾಗಿ ಹೆರಾತಿನ ಅಬ್ದುರ್ರಝಾಕ್ 1443ರಲ್ಲಿ ವಿಜಯನಗರಕ್ಕೆ ಬಂದ. ಆಗ ಎರಡನೆಯ ದೇವರಾಯನ ಆಳ್ವಿಕೆ. ಮುತ್ತು ರತ್ನಗಳನ್ನು ಬಜಾರಿನಲ್ಲಿ ಬಹಿರಂಗವಾಗಿ ಮಾರುತ್ತಿದ್ದ ಆತನ ವರ್ಣನೆಯನ್ನು ಶಾಲೆಯ ಪಾಠಗಳಲ್ಲಿ ಎಲ್ಲರೂ ಓದಿದ್ದೇವೆ. ಅಷ್ಟು ಬೆಲೆಯ ಸರಕನ್ನು ಬೀದಿಯಲ್ಲಿ ಹರವಲು ಧೈರ್ಯ ಎಲ್ಲಿಂದ ಬಂತು ಎಂಬುದನ್ನೂ ಆತ ಬರೆದಿದ್ದಾನೆ. ಆ ಭಾಗವನ್ನು ಓದಿದವರು ಕಡಿಮೆ. ಟಂಕಸಾಲೆಯ ಎದುರಿಗೆ ನಗರದ ಕೊತ್ವಾಲನ ಕಚೇರಿ. ಅವನ ಕೈಕೆಳಗೆ 12,000 ಕಾವಲಿನವರೆಂದು ಜನ ಹೇಳುತ್ತಿದ್ದರಂತೆ. ಅವರ ದಿನದ ಸಂಬಳ 12,000 ಪಣ. ವೇಶ್ಯಾವಾಟಿಕೆಗಳ ಆದಾಯದಿಂದ ಆ ಹಣ ಬರುತ್ತಿತ್ತು. ಏಳು ಕೋಟೆಗಳೊಳಗೆ ಏನು ನಡೆದರೂ ಅವರಿಗೆ ತಿಳಿದಿರಬೇಕು. ಕಳೆದದ್ದನ್ನು, ಕಳುವಾದದ್ದನ್ನು ಹುಡುಕಿಕೊಡಬೇಕು. ಇಲ್ಲದಿದ್ದರೆ ದಂಡ ತೆರಬೇಕು.

ಇದಕ್ಕೆ ಅಬ್ದುರ್ರಝಾಕ್ ಕಣ್ಣಾರೆ ಕಂಡ ಉದಾಹರಣೆಯನ್ನೇ ಕೊಡುತ್ತಾನೆ. ಅವನ ಜೊತೆಗಾರ ಕೊಂಡಿದ್ದ ಕೆಲವು ಗುಲಾಮರು ಓಡಿಹೋದರು. ದೂರು ಕೊತ್ವಾಲನಿಗೆ ಹೋಯಿತು. ಕಡುಬಡವರು ವಾಸಿಸುತ್ತಿದ್ದ ಕೇರಿಯ ಕಾವಲುಗಾರರಿಗೆ ಆಜ್ಞೆಯಾಯಿತು: ಹಿಡಿದು ತನ್ನಿ, ಇಲ್ಲವೇ ಬೆಲೆ ಕಟ್ಟಿ. ಅವರು ಬೆಲೆ ಎಷ್ಟೆಂದು ಕೇಳಿ ತಿಳಿದುಕೊಂಡು ಕಟ್ಟಿದರು.

ಈ ನಾಲ್ಕು ಸಾಲುಗಳನ್ನು ನಾನು ಎಷ್ಟೋ ಸಲ ಓದಿದ್ದೇನೆ. ಮೊದಲ ಓದಿಗೆ ಎಂಥ ಆಡಳಿತ ಎಂದು ಮೆಚ್ಚುಗೆಯಾಗುತ್ತದೆ. ಎರಡನೆಯ ಓದಿಗೆ ಬೇರೆಯದು ಕಾಣುತ್ತದೆ. ಕಳುವಾದ ಸೊತ್ತು ಇಲ್ಲಿ ಮನುಷ್ಯರು. ಅವರು ತಮ್ಮನ್ನು ತಾವೇ ಕದ್ದುಕೊಂಡು ಹೋದವರು. ಅವರು ಸಿಗದೆ ಹೋದದ್ದಕ್ಕೆ ನನಗಂತೂ ಸಂತೋಷವೇ. ಆದರೆ ನಷ್ಟ ಕಟ್ಟಿದ್ದು ರಾಯರ ಬೊಕ್ಕಸವಲ್ಲ, ಊರಿನ ಬಡಕೇರಿಯ ಕಾವಲುಗಾರರು. ಹೊಣೆ ಮೇಲಿನಿಂದ ಕೆಳಗಿಳಿಯುತ್ತ ತೀರಾ ತಳದಲ್ಲಿದ್ದವನ ತಲೆಯ ಮೇಲೆ ಕುಳಿತಿತ್ತು.

ಉತ್ತರದಲ್ಲೂ ಇದೇ ಕ್ರಮ. 1540ರಿಂದ 1545ರವರೆಗೆ ಆಳಿದ ಶೇರ್‌ಶಾ ಸೂರಿ, ಊರ ಸರಹದ್ದಿನೊಳಗೆ ಕಳವಾದರೆ ಊರಿನ ಮುಖಂಡನೇ ಕಳ್ಳನನ್ನು ಒಪ್ಪಿಸಬೇಕು ಇಲ್ಲವೇ ನಷ್ಟ ಕೊಡಬೇಕು ಎಂದು ಕಟ್ಟುಮಾಡಿದ. ಅವನ ಬಗ್ಗೆ ಒಂದು ಕಥೆ ಹೇಳುತ್ತಾರೆ. ಎರಡು ಊರುಗಳ ತಕರಾರಿನ ಜಮೀನಿನಲ್ಲಿ ಒಂದು ಕೊಲೆಯಾಯಿತು. ನೆಲ ತಮ್ಮದೆಂದು ಯಾವ ಊರೂ ಒಪ್ಪಲಿಲ್ಲ. ಶೇರ್‌ಶಾ ಇಬ್ಬರನ್ನು ಕಳುಹಿಸಿ ಅಲ್ಲಿದ್ದ ಒಂದು ಮರ ಕಡಿಯಲು ಹೇಳಿದ. ತಡೆಯಲು ಬಂದವನನ್ನು ಹಿಡಿದು ತರಲೂ ಹೇಳಿದ. ಒಬ್ಬ ಮುಖಂಡ ತಡೆಯಲು ಬಂದ, ಸಿಕ್ಕಿಬಿದ್ದ. ಮರದ ಕುತ್ತಿಗೆ ಕಡಿದರೆ ಗೊತ್ತಾಗುವ ನಿನಗೆ ಮನುಷ್ಯನ ಕುತ್ತಿಗೆ ಕಡಿದದ್ದು ಗೊತ್ತಾಗಲಿಲ್ಲವೇ ಎಂಬುದು ಸುಲ್ತಾನನ ಪ್ರಶ್ನೆ. ಮುಂದೆ ಅಕ್ಬರನ ಕಾಲದಲ್ಲಿ ಅಬುಲ್ ಫಝಲ್ 'ಐನೆ ಅಕ್ಬರಿ'ಯಲ್ಲಿ ಕೊತ್ವಾಲನ ಕರ್ತವ್ಯಗಳನ್ನು ಬರೆಯುವಾಗಲೂ, ಕಳ್ಳನನ್ನೂ ಕದ್ದ ಮಾಲನ್ನೂ ಪತ್ತೆ ಮಾಡಬೇಕು, ಇಲ್ಲವೇ ನಷ್ಟಕ್ಕೆ ತಾನೇ ಹೊಣೆಯಾಗಬೇಕು ಎಂದು ಸೇರಿಸಿದ್ದಾನೆ.

ನಮ್ಮ ಹಳ್ಳಿಗಳಲ್ಲಿ ಈ ಕೆಲಸ ಆಯಗಾರರಲ್ಲಿ ಒಬ್ಬನಾದ ತಳವಾರನದು. ಗೌಡ, ಶಾನುಭೋಗ, ನೀರಗಂಟಿ ಇವರ ಸಾಲಿನಲ್ಲಿ ಅವನೂ ಬರುತ್ತಾನೆ. ಅಪರಾಧಗಳ ಸುಳಿವು ಹಿಡಿಯುವುದು, ದಾರಿಹೋಕರನ್ನು ಊರಿಂದೂರಿಗೆ ಕಾವಲಿನಲ್ಲಿ ದಾಟಿಸುವುದು ಅವನ ಪಾಲು. ಪೈರಿನ ಕಾವಲು ತೋಟಿಯ ಪಾಲು. ಸುಗ್ಗಿಯಲ್ಲಿ ಕಣದಿಂದ ಇವರಿಗೆ ಆಯ ಸಲ್ಲುತ್ತಿತ್ತು. ಅದಕ್ಕೂ ಹಿಂದೆ ಹೋದರೆ, ತುರುಗಳನ್ನು ಹೊಡೆದುಕೊಂಡು ಹೋದವರ ಬೆನ್ನಟ್ಟಿ ಸತ್ತವರ ವೀರಗಲ್ಲುಗಳು ಕರ್ನಾಟಕದ ಊರೂರಿನಲ್ಲಿವೆ. ಸತ್ತವನ ಮನೆಯವರಿಗೆ ಕೊಟ್ಟ ಭೂಮಿಗೆ ನೆತ್ತರುಕೊಡಗಿ ಎಂದು ಹೆಸರು. ಊರಿನ ದನ ಉಳಿಸಲು ಹೋದವನ ನೆತ್ತರಿಗೆ ಊರು ಬೆಲೆ ಕಟ್ಟಿದ ರೀತಿ ಅದು.

ಹಳೆಯದೆಲ್ಲ ಚಿನ್ನವೆಂದು ನಾನು ಹೇಳುತ್ತಿಲ್ಲ. ಕಾವಲುಗಾರನಿಗೆ ಕೂಲಿ ಕೊಡದ ಮನೆಗೇ ಕನ್ನ ಬೀಳುತ್ತದೆ ಎಂಬುದು ಎಷ್ಟೋ ಕಡೆ ನಡೆಯುತ್ತಿದ್ದ ಸತ್ಯ. ತಮಿಳು ಸೀಮೆಯಲ್ಲಿ ಇದು ಒಂದು ವ್ಯಾಪಾರವೇ ಆಗಿತ್ತು. ಕಳುವಾದ ಎತ್ತು ಎಲ್ಲಿದೆಯೆಂದು ಸುಳಿವು ಕೊಟ್ಟದ್ದಕ್ಕೆ ತೆರುವ ಹಣಕ್ಕೆ ತುಪ್ಪುಕೂಲಿ ಎಂಬ ಹೆಸರೇ ಇತ್ತು. 1896ರ ಸುಮಾರಿಗೆ ಮದುರೆ ಜಿಲ್ಲೆಯ ರೈತರು ಇಂಥ ಕಾವಲಿನ ವಿರುದ್ಧವೇ ತಿರುಗಿಬಿದ್ದರು. ಆದರೂ ಆ ಪದ್ಧತಿಯಲ್ಲಿ ಒಂದು ಸಂಗತಿಯಿತ್ತು. ಕಳುವಾದ ಬೆಳಿಗ್ಗೆ ಮನೆಯವನು ಹೋಗಿ ಬಾಗಿಲು ತಟ್ಟಿ ಕೇಳಬಹುದಾದ ಒಬ್ಬ ಮನುಷ್ಯ ಇದ್ದ.

ಆ ಮನುಷ್ಯನನ್ನು ತೆಗೆದುಹಾಕಿದ್ದು ಕಂಪನಿ ಸರಕಾರ. ಬಂಗಾಳದಲ್ಲಿ ಜಮೀನ್ದಾರರು ತಮ್ಮ ಸೀಮೆಯಲ್ಲಿ ಕಳುವಾದ ಸೊತ್ತನ್ನು ತುಂಬಿಕೊಡಬೇಕೆಂಬ ಕಟ್ಟಳೆಯಿತ್ತು. ಕಾರ್ನ್‌ವಾಲಿಸ್ 1793ರ ಹೊತ್ತಿಗೆ ಪೊಲೀಸ್ ಅಧಿಕಾರವನ್ನು ಅವರಿಂದ ಕಿತ್ತು ಸಂಬಳದ ದರೋಗಾಗಳ ಕೈಗೆ ಕೊಟ್ಟ. ದಕ್ಷಿಣದಲ್ಲಿ ಮನ್ರೋನಂಥವರು 1816ರಲ್ಲಿ ಹಳ್ಳಿಯ ಕಾವಲನ್ನು ಮತ್ತೆ ಊರಿನ ಮುಖಂಡನ ಕೈಕೆಳಗೆ ತಂದರು. ಆದರೆ 1859ರ ಮದ್ರಾಸ್ ಕಾಯಿದೆ, 1861ರ ಪೊಲೀಸ್ ಕಾಯಿದೆ ಬಂದ ಮೇಲೆ ಸಮವಸ್ತ್ರದ ಪೊಲೀಸರದೇ ರಾಜ್ಯ. ಹಿಡಿಯುವುದು, ಶಿಕ್ಷೆಗೆ ಒಪ್ಪಿಸುವುದು ಅವರ ಕೆಲಸ. ತುಂಬಿಕೊಡುವ ಮಾತು ಕಾಗದದಿಂದಲೇ ಅಳಿಸಿಹೋಯಿತು.

ಹಾಗಾದಾಗ ಮನೆಯೊಡೆಯನಿಗೆ ಉಳಿದದ್ದು ಬೀಗ. ಇಂಗ್ಲೆಂಡಿನಲ್ಲಿ ಆ ಕಾಲ ಬೀಗಗಳದೇ ಕಾಲ. ಜೋಸೆಫ್ ಬ್ರಾಮಾ ಎಂಬಾತ ತನ್ನ ಬೀಗವನ್ನು ಅಂಗಡಿಯ ಕಿಟಕಿಯಲ್ಲಿಟ್ಟು, ಕೀಲಿಯಿಲ್ಲದೆ ತೆರೆದವನಿಗೆ 200 ಗಿನಿ ಎಂದು ಸವಾಲು ಹಾಕಿದ್ದ. ಅರವತ್ತು ವರ್ಷ ಯಾರಿಗೂ ಆಗಲಿಲ್ಲ. 1851ರ ಲಂಡನ್ ಮಹಾ ಪ್ರದರ್ಶನಕ್ಕೆ ಬಂದ ಹಾಬ್ಸ್ ಎಂಬ ಅಮೆರಿಕದವನು ಹದಿನಾರು ದಿನಗಳಲ್ಲಿ ಒಟ್ಟು ಐವತ್ತು ಗಂಟೆಗೂ ಹೆಚ್ಚು ಕುಳಿತು ಅದನ್ನು ತೆರೆದೇಬಿಟ್ಟ. ಇನ್ನೊಂದು ಹೆಸರಾಂತ ಬೀಗ, ಚಬ್ ಕಂಪನಿಯದು, ಅವನ ಕೈಯಲ್ಲಿ ಅರ್ಧ ಗಂಟೆಯೂ ನಿಲ್ಲಲಿಲ್ಲ. ನಮ್ಮಲ್ಲಿ ಅರ್ದೇಶಿರ್ ಗೋದ್ರೆಜ್ 1897ರಲ್ಲಿ ಮುಂಬಯಿಯಲ್ಲಿ ಬೀಗ ಮಾಡಲು ಕುಳಿತರು. ಅಲಿಗಢ, ದಿಂಡಿಗಲ್ಲುಗಳ ಬೀಗದ ಕುಶಲಕರ್ಮಿಗಳ ಕಥೆ ಬೇರೆಯೇ ಬರೆಯಬೇಕಾದಷ್ಟಿದೆ. ಅಬ್ಬಾನ ಬೀಗವೂ ಅಲಿಗಢದ್ದೇ. ಅದರ ತಪ್ಪೇನೂ ಇರಲಿಲ್ಲ, ಗೋಡೆ ಮಣ್ಣಿನದಾಗಿತ್ತು.

ಬೀಗದ ಜೊತೆಗೆ ಸರಕಾರ ಇನ್ನೊಂದನ್ನೂ ಕೊಟ್ಟಿತು. ಅದು ಸಂಶಯ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಮೊದಲು ಉತ್ತರ ಭಾರತಕ್ಕೆ ಬಂತು. 1911ರ ತಿದ್ದಿದ ಕಾಯಿದೆಯಿಂದ ಮದ್ರಾಸ್ ಪ್ರಾಂತ್ಯಕ್ಕೂ ಹರಡಿತು. ಯಾರು ಏನು ಕದ್ದರೆಂದು ನೋಡುವ ಅಗತ್ಯವಿಲ್ಲ. ಯಾವ ಹೊಟ್ಟೆಯಲ್ಲಿ ಹುಟ್ಟಿದರೆಂಬುದೇ ಸಾಕು. ಹೆಬ್ಬೆರಳ ಗುರುತು ಕೊಡಬೇಕು, ಹಾಜರಿ ಹಾಕಬೇಕು, ಊರು ಬಿಡಲು ಪಾಸು ಬೇಕು. ಹುಬ್ಬಳ್ಳಿಯಲ್ಲಿ ಇಂಥ ಕುಟುಂಬಗಳನ್ನು ತಂತಿಬೇಲಿಯೊಳಗೆ ಇಟ್ಟು ಗಿರಣಿ ಕೆಲಸಕ್ಕೆ ಕಳುಹಿಸುತ್ತಿದ್ದರು. ಆ ಜಾಗಕ್ಕೆ ಇಂದಿಗೂ ಸೆಟ್ಲಮೆಂಟ್ ಎಂದೇ ಹೆಸರು. ಕೊರಚರು, ಕೊರಮರು ಎತ್ತು ಕತ್ತೆಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ಊರೂರಿಗೆ ಮಾರುತ್ತಿದ್ದ ಜನ. ಸರಕಾರದ ಉಪ್ಪಿನ ನೀತಿ, ರೈಲು ಎರಡೂ ಸೇರಿ ಅವರ ವ್ಯಾಪಾರವನ್ನು ಮುರಿದವು. ಅನ್ನ ಕಳೆದುಕೊಂಡು ಅಲೆಯುವವರಿಗೆ ಅದೇ ಸರಕಾರ ಕಳ್ಳರೆಂಬ ಹೆಸರು ಕೊಟ್ಟಿತು. 1952ರ ಆಗಸ್ಟ್ 31ರಂದು ಆ ಕಾಯಿದೆ ರದ್ದಾಯಿತು. ರೂಢಿಗತ ಅಪರಾಧಿಗಳು ಎಂಬ ಹೊಸ ಹೆಸರಿನ ಕಾಯಿದೆಗಳು ಬಂದವು, ಕರ್ನಾಟಕದ್ದು 1961ರದು.

ಇಮಾಮ್ ಮಾಲಿಕರ 'ಮುವತ್ತಾ'ದಲ್ಲಿ ಒಂದು ಪ್ರಕರಣವಿದೆ. ಹಾತಿಬ್ ಎಂಬವರ ಗುಲಾಮರು ಮುಝೈನಾ ಬುಡಕಟ್ಟಿನ ಒಬ್ಬನ ಒಂಟೆಯನ್ನು ಕದ್ದು ಕಡಿದು ತಿಂದರು. ಖಲೀಫಾ ಉಮರ್ (ರ) ಮೊದಲು ಕೈ ಕತ್ತರಿಸುವ ಶಿಕ್ಷೆಗೇ ಆಜ್ಞೆ ಮಾಡಿದರು. ಬಳಿಕ ತಡೆದು ಹಾತಿಬರ ಕಡೆ ತಿರುಗಿ, ನೀನು ಇವರನ್ನು ಹಸಿವಿನಲ್ಲಿ ಇಟ್ಟಿದ್ದೀಯೆಂದು ನನಗೆ ಕಾಣುತ್ತದೆ ಎಂದರು. ಒಂಟೆಯ ಬೆಲೆ ಎಷ್ಟೆಂದು ಮಾಲೀಕನನ್ನು ಕೇಳಿದರು. ನಾನೂರು ದಿರ್ಹಮಿಗೂ ಕೊಡುತ್ತಿರಲಿಲ್ಲ ಎಂದನಾತ. ಎಂಟುನೂರು ಕೊಡು ಎಂದು ಹಾತಿಬರಿಗೆ ಆಜ್ಞೆಯಾಯಿತು. ವಿಜಯನಗರದಲ್ಲಿ ಕೆಳಗಿಳಿದ ಹೊಣೆ ಇಲ್ಲಿ ಮೇಲಕ್ಕೆ ಹತ್ತಿದೆ. ನಾನು ಓದಿದ ಮಟ್ಟಿಗೆ ಇಂಥವು ಅಪರೂಪ.

ಈಗ ನನ್ನ ಮನೆಗೆ ಇಟ್ಟಿಗೆ ಗೋಡೆ, ಕಬ್ಬಿಣದ ಗ್ರಿಲ್ಲು, ಎದುರು ಮನೆಯವರ ಕ್ಯಾಮೆರಾ ಎಲ್ಲ ಇವೆ. ತಿಂಗಳಿಗೊಮ್ಮೆ ಗೂರ್ಖಾ ಬಂದು ಸಲಾಂ ಹೊಡೆದು ಹಣ ಒಯ್ಯುತ್ತಾನೆ. ರಾತ್ರಿ ಎರಡು ಗಂಟೆಗೆ ಅವನ ಸೀಟಿ ಕೇಳಿದರೆ ನಿದ್ದೆಯಲ್ಲೂ ಸಮಾಧಾನ. ಕಳುವಾದರೆ ನಷ್ಟ ಕೊಡೆಂದು ಅವನನ್ನು ಯಾರೂ ಕೇಳುವುದಿಲ್ಲ; ಆದರೆ ಪೊಲೀಸರು ಮೊದಲು ಅವನನ್ನೇ ಕರೆಯುತ್ತಾರೆ.

ಆಗಲೂ ಮೊದಲು ಕರೆದದ್ದು ಬುಟ್ಟಿ ಹೆಣೆಯುವವನನ್ನೇ. ಎರಡು ರಾತ್ರಿ ಠಾಣೆಯಲ್ಲಿಟ್ಟುಕೊಂಡು ಬಿಟ್ಟರು. ಅವನ ಕೈಯ ಎರಡು ಬೆರಳು ಊದಿ ಬಹಳ ದಿನ ಹೆಣಿಗೆ ಮಾಡಲಾಗಲಿಲ್ಲವೆಂದು ಕೇಳಿದೆವು. ಸರ ಸಿಗಲಿಲ್ಲ, ಕಳ್ಳರೂ ಸಿಗಲಿಲ್ಲ. ಅವನ ಹೆಂಡತಿ ಅಲ್ಲಿಯವರೆಗೆ ನಮ್ಮ ಜಗಲಿಗೆ ಬಂದು ಕುಳಿತು, ದಾದಿಮಾ ಕೊಟ್ಟ ಎಲೆಅಡಿಕೆ ಹಾಕಿಕೊಂಡು, ಮೊರ ಬುಟ್ಟಿ ಮಾರಿ ಹೋಗುತ್ತಿದ್ದಳು. ಆಮೇಲೆ ನಮ್ಮ ಬೀದಿಗೇ ಬರಲಿಲ್ಲ.

ವರ್ಷದ ಮೇಲೊಮ್ಮೆ ಸಂತೆಯ ದಿನ ಅವಳು ತಲೆಯ ಮೇಲೆ ಹೊರೆ ಹೊತ್ತು ನಮ್ಮ ಮನೆಯ ಮುಂದಿನಿಂದ ಹಾಯ್ದಳು. ದಾದಿಮಾ ಬಾಗಿಲಿಗೆ ಬಂದು, "ಬಾರಮ್ಮ, ಒಂದು ಮೊರ ಬೇಕು" ಎಂದು ಕರೆದರು. ಅವಳು ರಸ್ತೆಯಲ್ಲೇ ನಿಂತಳು. ಹೊರೆಯಿಂದ ಒಂದು ಮೊರ ಎಳೆದು ಜಗಲಿಯ ಅಂಚಿಗೆ ಎಸೆದಳು. ಬೆಲೆ ಹೇಳಿದಳು. ನಾನು ಹಣ ಹಿಡಿದುಕೊಂಡು ಹೋದೆ. "ಒಳಗೆ ಬರಾಕಿಲ್ಲ ಕಣಪ್ಪ, ನಾಳೆ ಏನಾರ ಕಳೆದ್ರೆ" ಎಂದು ದುಡ್ಡು ಎಣಿಸಿಕೊಂಡು ಹೋದಳು.